ಗೆಲಾಕ್ಸಿಗಳ ನಡುವಿನ ಅನಿಲ ಮೋಡಗಳು ಯಾರ ಸೊತ್ತು?

ಪ್ರಶ್ನೆ: ಹತ್ತಿರ ಬಂದ ಗೆಲಾಕ್ಸಿಗಳ ಸುತ್ತ ಒಂದೂ ನಕ್ಷತ್ರವಿಲ್ಲದ ‘ನಿಗೂಢ’ ಅನಿಲ ಮೋಡಗಳು ಸಿಕ್ಕಿವೆ ಎಂದು ಓದಿದೆ. ನಕ್ಷತ್ರವೇ ಇಲ್ಲದ ಮೇಲೆ ಅವು ಗೊತ್ತಾಗಿದ್ದು ಹೇಗೆ? ಎಲ್ಲಿಂದ ಬಂದವು?
— ಓದುಗರೊಬ್ಬರು, ಧಾರವಾಡ

ಉತ್ತರ: ‘ನಿಗೂಢ’ ಎಂಬ ಪದವನ್ನು ಸುದ್ದಿಮನೆಯವರು ಸ್ವಲ್ಪ ಧಾರಾಳವಾಗಿಯೇ ಬಳಸುತ್ತಾರೆ. ಇಂಥ ಹೆಚ್ಚಿನ ಮೋಡಗಳಿಗೆ ಒಡೆಯರಿದ್ದಾರೆ, ಅವರನ್ನು ಹುಡುಕುವುದಷ್ಟೇ ಕಷ್ಟ.

ನಮ್ಮಿಂದ ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ, ಎಂ81 ಮತ್ತು ಎಂ82 ಎಂಬ ಗೆಲಾಕ್ಸಿಗಳ ಜೋಡಿ ಇದೆ. ಸಾಮಾನ್ಯ ಫೋಟೋದಲ್ಲಿ ಎರಡೂ ಒಂದಕ್ಕೊಂದು ಸಂಬಂಧವಿಲ್ಲದಂತೆ ದೂರದೂರ ನಿಂತಿವೆ. ಆದರೆ ಇಂಥ ಮೋಡಗಳಲ್ಲಿರುವ ತಟಸ್ಥ (ವಿದ್ಯುದಂಶವಿಲ್ಲದ) ಹೈಡ್ರೋಜನ್ ಪರಮಾಣು 21 ಸೆಂಟಿಮೀಟರ್ ಉದ್ದದ ರೇಡಿಯೋ ಅಲೆ ಹೊಮ್ಮಿಸುತ್ತದೆ. ಒಂದು ಪರಮಾಣು ತಾನಾಗಿ ಹೀಗೆ ಮಾಡುವುದು ಸರಾಸರಿ ಒಂದು ಕೋಟಿ ವರ್ಷಕ್ಕೊಮ್ಮೆ. ಆದರೂ ಮೋಡದಲ್ಲಿರುವ ಪರಮಾಣುಗಳಿಗೆ ಲೆಕ್ಕವೇ ಇಲ್ಲವಾದ್ದರಿಂದ ಆ ಅಲೆ ನಮ್ಮವರೆಗೆ ಮುಟ್ಟುತ್ತದೆ. 1994ರಲ್ಲಿ ಪ್ರಕಟವಾದ ರೇಡಿಯೋ ನಕ್ಷೆಯಲ್ಲಿ ಎಂ81, ಎಂ82 ಮತ್ತು ಪಕ್ಕದ ಎನ್‌ಜಿಸಿ 3077 ಮೂರೂ ಗೆಲಾಕ್ಸಿಗಳನ್ನು ಸುತ್ತಿಕೊಂಡ ಹೈಡ್ರೋಜನ್ ಸೇತುವೆಗಳು, ಬಾಲಗಳು ಎದ್ದು ಕಂಡವು. ಆಮೇಲೆ ಅಮೆರಿಕದ ಪಶ್ಚಿಮ ವರ್ಜೀನಿಯಾದ ಗ್ರೀನ್ ಬ್ಯಾಂಕ್ ದೂರದರ್ಶಕ ಇನ್ನೂ ಹೊರಗೆ ಬಿಡಿಬಿಡಿಯಾಗಿ ತೇಲುವ ಮೋಡಗಳನ್ನೂ ಪತ್ತೆ ಮಾಡಿತು.

ಎಲ್ಲಿಂದ ಬಂದವು ಎಂದರೆ, ಕಿತ್ತು ಬಂದವು. ಮಂಗಳೂರಿನ ಕಡಲಲ್ಲಿ ಉಬ್ಬರವಿಳಿತ ಏಳಿಸುವ ಬಲವೇ ಇಲ್ಲಿಯೂ ಕೆಲಸ ಮಾಡಿದೆ. ಹತ್ತಿರದ ಬದಿಗೆ ಹೆಚ್ಚು ಸೆಳೆತ, ದೂರದ ಬದಿಗೆ ಕಡಿಮೆ. ಸುರುಳಿ ಗೆಲಾಕ್ಸಿಗಳಲ್ಲಿ ಅನಿಲದ ತಟ್ಟೆ ಸಾಮಾನ್ಯವಾಗಿ ನಕ್ಷತ್ರಗಳ ತಟ್ಟೆಗಿಂತ ಬಹಳ ಹೊರಗೆ ಚಾಚಿರುತ್ತದೆ. ಅಲ್ಲಿ ತವರಿನ ಹಿಡಿತ ಸಡಿಲ, ಆದ್ದರಿಂದ ಮೊದಲು ಕೈಬಿಟ್ಟು ಹೋಗುವುದು ಅನಿಲವೇ. ನಕ್ಷತ್ರಗಳು ಒಳಗೇ ಉಳಿಯುತ್ತವೆ.

ಇದೆಲ್ಲ ಊಹೆಯೇ ಎಂದು ಕೇಳಬಹುದು. ಸಾಕ್ಷಿ ಇರುವುದು ವೇಗದಲ್ಲಿ. ಮೋಡ ನಮ್ಮಿಂದ ದೂರ ಸರಿಯುತ್ತಿದ್ದರೆ 21 ಸೆಂ.ಮೀ. ಅಲೆ ತುಸು ಹಿಗ್ಗುತ್ತದೆ, ಹತ್ತಿರ ಬರುತ್ತಿದ್ದರೆ ಕುಗ್ಗುತ್ತದೆ. ಎಂ81 ಬಳಿಯ ಮೋಡಗಳ ವೇಗ ಪಕ್ಕದ ಅನಿಲ ಸೇತುವೆಗಳ ವೇಗದೊಂದಿಗೆ ಹೊಂದುತ್ತದೆ. ಎಲ್ಲಿಂದಲೋ ಬಂದ ಅಪರಿಚಿತ ಮೋಡಕ್ಕೆ ಹಾಗೆ ಹೊಂದುವ ಕಾರಣವಿಲ್ಲ.

ವೇಗ ನೋಡಿಯೇ ಮೋಸ ಹೋಗುವುದೂ ಉಂಟು. ಕನ್ಯಾ ರಾಶಿಯ ಗೆಲಾಕ್ಸಿ ಸಮೂಹದಲ್ಲಿ ವಿರ್ಗೋಎಚ್‌ಐ21 ಎಂಬ ಮೋಡವಿದೆ. ಸುಮಾರು 10 ಕೋಟಿ ಸೂರ್ಯರಷ್ಟು ಹೈಡ್ರೋಜನ್ ಇದ್ದರೂ ನಕ್ಷತ್ರಗಳ ಸುಳಿವಿಲ್ಲ. ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ವೇಗ ಬಹಳ ಬದಲಾಗುತ್ತದೆ. ಅದು ಗಿರ್ರನೆ ತಿರುಗುತ್ತಿದೆ, ಹಾಗೆ ತಿರುಗಿಯೂ ಚದುರದಿರಬೇಕಾದರೆ ಕಣ್ಣಿಗೆ ಕಾಣದ ‘ಕಪ್ಪು ದ್ರವ್ಯ’ ರಾಶಿರಾಶಿ ಇರಬೇಕು, ಇದು ‘ಕಪ್ಪು ಗೆಲಾಕ್ಸಿ’ ಎಂದು 2005ರಲ್ಲಿ ಒಂದು ತಂಡ ವಾದಿಸಿತು. 2007ರ ಹೊತ್ತಿಗೆ ಪೋರ್ಟೊ ರಿಕೊದ ಅರೆಸಿಬೊ ದೂರದರ್ಶಕ ಇನ್ನೂ ಅಗಲವಾಗಿ ನೋಡಿತು. ಮೋಡ ಒಂಟಿಯಲ್ಲ, ಹತ್ತಿರದ ಎಂ99 ಗೆಲಾಕ್ಸಿಯಿಂದ ಹೊರಟ ಉದ್ದನೆಯ ಅನಿಲದ ಬಾಲದ ಒಂದು ತುಂಡು! ತಿರುಗಾಟದಂತೆ ಕಂಡದ್ದು ಬಾಲದುದ್ದಕ್ಕೂ ಇರುವ ವೇಗದ ಏರಿಳಿತ. ವೇಗವಾಗಿ ಹಾದುಹೋದ ಇನ್ನೊಂದು ಗೆಲಾಕ್ಸಿ ಇಂಥ ಬಾಲ ಎಳೆಯಬಲ್ಲದೆಂದು ಕಂಪ್ಯೂಟರ್ ಮಾದರಿಗಳೂ ತೋರಿಸಿದವು. ಎಳೆದ ಗೆಲಾಕ್ಸಿ ಅಷ್ಟರಲ್ಲಿ ಬಹುದೂರ ಸಾಗಿರುತ್ತದೆ, ಗೊಂದಲ ಶುರುವಾಗುವುದೇ ಅಲ್ಲಿ. ನನಗೆ ಕೇಳಿದರೆ, ಒಂಟಿ ಮೋಡ ಸಿಕ್ಕಾಗ ಮೊದಲು ಸುತ್ತಮುತ್ತಲ ನಕ್ಷೆ ಕೇಳಬೇಕು, ಕಪ್ಪು ದ್ರವ್ಯದ ಮಾತು ಆಮೇಲೆ.

ಪ್ರಶ್ನೆ: ಅಷ್ಟು ಅನಿಲವಿದ್ದೂ ನಕ್ಷತ್ರ ಯಾಕೆ ಹುಟ್ಟುವುದಿಲ್ಲ?

ಉತ್ತರ: ಒಟ್ಟು ಲೆಕ್ಕ ದೊಡ್ಡದು, ಆದರೆ ಹರವು ಇನ್ನೂ ದೊಡ್ಡದು. ಅನಿಲ ತೀರಾ ತೆಳುವಾಗಿ ಹರಡಿದ್ದರೆ ತನ್ನ ಭಾರಕ್ಕೆ ತಾನೇ ಕುಸಿಯುವುದಿಲ್ಲ. ದಟ್ಟವಾದ ಕಡೆ ಹುಟ್ಟುತ್ತವೆ ಕೂಡ: ಎಂ81ರ ಪಕ್ಕದ ಹೋಮ್‌ಬರ್ಗ್ 9 ಎಂಬ ಕುಬ್ಜ ಗೆಲಾಕ್ಸಿಯಲ್ಲಿ ಎಳೆಯ ನಕ್ಷತ್ರಗಳೇ ಹೆಚ್ಚು. ಅದು ಇಂಥ ಕಿತ್ತುಬಂದ ಅನಿಲದಿಂದಲೇ ರೂಪುಗೊಂಡಿರಬಹುದೆಂಬುದು ಹಲವರ ಅಭಿಪ್ರಾಯ.

ಪ್ರಶ್ನೆ: ಮನೆಯ ಚಿಕ್ಕ ದೂರದರ್ಶಕದಲ್ಲಿ ಇವು ಕಂಡಾವೇ?

ಉತ್ತರ: ಮೋಡಗಳು ಕಾಣವು. ಎಂ81, ಎಂ82 ಮಾತ್ರ ಖಂಡಿತ ಕಾಣುತ್ತವೆ. ಏಪ್ರಿಲ್ ಮೊದಲ ವಾರಗಳಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ಉತ್ತರಕ್ಕೆ ಮುಖಮಾಡಿ. ಬೆಂಗಳೂರಿನಿಂದ ಅವು ದಿಗಂತಕ್ಕಿಂತ ಸುಮಾರು 34 ಡಿಗ್ರಿ ಮೇಲೆ, ಧಾರವಾಡದಿಂದ ತುಸು ಇನ್ನೂ ಎತ್ತರದಲ್ಲಿ. ಬೀದಿದೀಪವಿಲ್ಲದ ಜಾಗ ಬೇಕು. ಎಂ82 ತೆಳ್ಳಗಿನ ಬೆಳಕಿನ ಗೀಟಿನಂತೆ, ಎಂ81 ದುಂಡನೆಯ ಮಸುಕಿನಂತೆ, ಒಂದೇ ನೋಟದಲ್ಲಿ ಎರಡೂ ಸಿಗುತ್ತವೆ.