ವ್ಯಾಕ್ಸ್ ಹಚ್ಚಿದರೂ ಗೀರು ಹೋಗದಿದ್ದರೆ

ಎರಡು ಸಲ ವ್ಯಾಕ್ಸ್ ಹಚ್ಚಿದರೂ ಕಾರಿನ ಕಪ್ಪು ಬಾನೆಟ್ ಮೇಲೆ ಜೇಡರ ಬಲೆಯಂಥ ಗೀರುಗಳು ಹಾಗೇ ಇವೆ ಅಂದಿದ್ದೀರಿ. ವ್ಯಾಕ್ಸ್ ಬರೀ ಹೊದಿಕೆ, ಅಲ್ವಾ? ಗೀರು ತೆಗೆಯುವುದು ಪಾಲಿಶ್. ಅದು ಕ್ಲಿಯರ್ ಕೋಟನ್ನೇ, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರವನ್ನೇ, ಚೂರು ಉಜ್ಜಿ ಸಮ ಮಾಡುತ್ತದೆ. ಆ ಪದರ ಇರುವುದೇ ಸುಮಾರು 40–50 ಮೈಕ್ರಾನ್ (0.04–0.05 ಮಿ.ಮೀ.). ಹಾಗಾಗಿ ಸುಮ್ನೆ ಪದೇಪದೇ ಪಾಲಿಶ್ ಮಾಡಬೇಡಿ. ಗೀರಿನ ಮೇಲೆ ಉಗುರು ಆಡಿಸಿ. ತಡೆದರೆ ಅದು ಆಳವಾಗಿದೆ, ಕೈಯಲ್ಲಿ ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಕಾರು ತೊಳೆದು, ನೆರಳಲ್ಲಿ ನಿಲ್ಲಿಸಿ, ಬಾನೆಟ್ ಪೂರ್ತಿ ತಣ್ಣಗಾದ ಮೇಲೆ ಪಾಲಿಶ್ ಶುರು ಮಾಡಿ. ಒಂದೊಂದು ಸಲಕ್ಕೆ ಒಂದೂವರೆ ಅಡಿ ಜಾಗ ಸಾಕು. ಕೊನೆಗೆ ವ್ಯಾಕ್ಸ್, ತೆಳ್ಳಗೆ. ಜಾಸ್ತಿ ಹಚ್ಚಿದರೆ ಒರೆಸುವಾಗ ಕೈ ಸೋಲುತ್ತದೆ, ಹೊಳಪೇನೂ ಹೆಚ್ಚುವುದಿಲ್ಲ.

ಮೈಕ್ರೋಫೈಬರ್ ಬಟ್ಟೆ ನೆಲಕ್ಕೆ ಬಿದ್ದರೆ ದಯವಿಟ್ಟು ಬೇರೆಯದು ತಗೊಳ್ಳಿ. ಒಂದೇ ಒಂದು ಮರಳಿನ ಕಣ ಸಾಕು, ಮತ್ತೆ ಹೊಸ ಗೀರು.