ಪರದೆ ಮಂಕು ಮಾಡೋದಲ್ಲ, ಆರಿಸಿಬಿಡಿ

ಫೋನಿನ ಬ್ರೈಟ್‌ನೆಸ್ ಪೂರ್ತಿ ಇಳಿಸಿದರೂ ರಾತ್ರಿ ಕಣ್ಣಿಗೆ ಹೊಡೆಯುತ್ತದೆ, ಪರದೆ ಆರಿಸಿದರೆ ನಿದ್ದೆ ದಾಖಲಿಸುವ ಸ್ಲೀಪ್ ಆ್ಯಪ್ ರೆಕಾರ್ಡಿಂಗ್ ನಿಲ್ಲಿಸುತ್ತದೆ ಅಂದಿದ್ದೀರಿ. ಎರಡನೆಯದೇ ಅಸಲಿ ತೊಂದರೆ. ಹೆಚ್ಚಾಗಿ ಇದು ಆಂಡ್ರಾಯ್ಡ್‌ನ ಬ್ಯಾಟರಿ ಉಳಿತಾಯದ ಕೆಲಸ. ಪರದೆ ಆರಿದ ಮೇಲೆ ಹಿನ್ನೆಲೆಯ ಆ್ಯಪ್‌ಗಳನ್ನು ಅದು ಮಲಗಿಸಿಬಿಡುತ್ತದೆ. ನಿಮಗಿಂತ ಮೊದಲೇ!

ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್‌ಗೆ ಹೋಗಿ, ನಿಮ್ಮ ಸ್ಲೀಪ್ ಆ್ಯಪ್ ತೆರೆದು, ಬ್ಯಾಟರಿ ಅನ್ನುವಲ್ಲಿ 'ಅನ್‌ರೆಸ್ಟ್ರಿಕ್ಟೆಡ್' (ನಿರ್ಬಂಧವಿಲ್ಲ) ಆಯ್ದುಕೊಳ್ಳಿ. ಫೋನ್ ಯಾವುದೆಂದು ನೀವು ಬರೆದಿಲ್ಲ, ಹಾಗಾಗಿ ಹೆಸರು ಸ್ವಲ್ಪ ಬೇರೆ ಇರಬಹುದು. ಬ್ಯಾಟರಿ ಸೇವರ್ ಕೂಡ ಆಫ್ ಇರಲಿ. ಆಮೇಲೆ ಟ್ರ್ಯಾಕಿಂಗ್ ಶುರು ಮಾಡಿ, ಪವರ್ ಬಟನ್ ಒತ್ತಿ ಪರದೆ ಆರಿಸಿ. ಮಧ್ಯಾಹ್ನ ಅರ್ಧ ಗಂಟೆ ಹೀಗೆ ಪರೀಕ್ಷಿಸಿ. ಗ್ರಾಫ್ ನಡುವೆ ತುಂಡಾಗದಿದ್ದರೆ ಕೆಲಸ ಮುಗಿಯಿತು.

ತುಂಡಾದರೆ ಪರದೆ ಉರಿಯಲೇಬೇಕು. ಆಗ ಅಡಾಪ್ಟಿವ್ ಬ್ರೈಟ್‌ನೆಸ್ ಆಫ್ ಮಾಡಿ, ಇಲ್ಲದಿದ್ದರೆ ಕೋಣೆಯ ದೀಪ ಹಾಕಿದಾಗಲೆಲ್ಲ ಪರದೆಯ ಬೆಳಕು ತಾನಾಗಿಯೇ ಏರುತ್ತದೆ. ಆಂಡ್ರಾಯ್ಡ್ 12 ಅಥವಾ ನಂತರದ್ದಾದರೆ ಆ್ಯಕ್ಸೆಸಿಬಿಲಿಟಿಯಲ್ಲಿ 'ಎಕ್ಸ್‌ಟ್ರಾ ಡಿಮ್' ಹುಡುಕಿ. ಮಾಮೂಲಿ ಸ್ಲೈಡರ್‌ನ ಕೊನೆಗಿಂತಲೂ ಅದು ಕೆಳಗೆ ಇಳಿಸುತ್ತದೆ. ಆ್ಯಪ್‌ಗೂ ಡಾರ್ಕ್ ಥೀಮ್ ಹಾಕಿ. ಓಎಲ್‌ಇಡಿ ಪರದೆಯಲ್ಲಿ ಕಪ್ಪು ಭಾಗ ನಿಜಕ್ಕೂ ಆರಿರುತ್ತದೆ. ಎಲ್‌ಸಿಡಿಯಲ್ಲಿ ಹಿಂದಿನ ದೀಪ ಉರಿಯುತ್ತಲೇ ಇರುವುದರಿಂದ ಅಷ್ಟು ಲಾಭವಿಲ್ಲ.

ನಾನು ಮೊದಲು ಸುಮ್ನೆ ಫೋನ್ ಮಗುಚಿ ಇಟ್ಟು ಮಲಗುತ್ತಿದ್ದೆ. ಬೆಳಕೇನೋ ಹೋಯಿತು, ಆದರೆ ಚಾರ್ಜಿಗೆ ಹಾಕಿದ ಫೋನ್ ಹಾಸಿಗೆಯಲ್ಲಿ ಜಾಸ್ತಿ ಬಿಸಿಯಾಗುತ್ತಿತ್ತು. ದಿಂಬಿನ ಕೆಳಗಂತೂ ಇಡಬೇಡಿ.