ಕೃತಕ ಕಣ್ಣು ನುಣ್ಣಗೇ ಇದೆಯಲ್ಲ, ಮತ್ತೆ ಪಾಲಿಶ್ ಯಾಕೆ?

ಅಪ್ಪನ ಕೃತಕ ಕಣ್ಣಿಗೆ 4 ವರ್ಷವಾಯಿತು, ಗೀಜು ಜಾಸ್ತಿ, ಡ್ರಾಪ್ಸ್ ಹಾಕಿದರೆ ಕಡಿಮೆಯಾಗಿ ಮತ್ತೆ ಶುರು ಅಂದಿದ್ದೀರಿ. ಪಾಲಿಶ್ ಮಾಡಿಸಿ ಎಂದಿದ್ದಾರೆ, ದುಡ್ಡು ದಂಡವಾ ಅಂತ ಕೇಳಿದ್ದೀರಿ.

ದಂಡ ಅಲ್ಲ, ಮಾಡಿಸಿ. ನಾನು ಡಾಕ್ಟರ್ ಅಲ್ಲ, ಕಾರವಾರದವನು. ನನ್ನ ಎಡಗಣ್ಣು 11 ವರ್ಷದಿಂದ ಕೃತಕವೇ.

ಜನ ಗಾಜಿನ ಕಣ್ಣು ಅಂತಾರೆ. ಈಗಿನವು ಹೆಚ್ಚಾಗಿ ಅಕ್ರಿಲಿಕ್ ಅನ್ನುವ ಪ್ಲಾಸ್ಟಿಕ್, ಹಲ್ಲಿನ ಸೆಟ್ಟಿನ ಗುಲಾಬಿ ಒಸಡು ಮಾಡುವ ಸಾಮಾನು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಗಾಜಿನ ಕಣ್ಣು ಸಿಗದೆ ಹೋದಾಗ ಅಮೆರಿಕದ ಸೇನೆಯ ಹಲ್ಲಿನ ವಿಭಾಗದವರೇ ಇದಕ್ಕೆ ಕೈ ಹಾಕಿದ್ದು. ಬಿದ್ದರೆ ಗಾಜಿನಂತೆ ಪುಡಿಯಾಗುವುದಿಲ್ಲ, ಆದರೆ ಬೇಗ ಗೀರು ಬೀಳುತ್ತದೆ.

ಆ ಗೀರು ಸುಮ್ಮನೆ ನೋಡಿದರೆ ನಮಗೆ ಕಾಣುವುದಿಲ್ಲ, ಅದೇ ತೊಂದರೆ. ಒಂದು ಬ್ಯಾಕ್ಟೀರಿಯಾ ಸುಮಾರು 1 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಮ್ಮ ತಲೆಕೂದಲಿನ ದಪ್ಪವೇ ಅದರ ಹತ್ತಾರು ಪಟ್ಟು. ಹಲ್ಲಿನ ಸಾಮಾನುಗಳ ಮೇಲೆ ನಡೆದ ಅಧ್ಯಯನಗಳಲ್ಲಿ 0.2 ಮೈಕ್ರಾನ್ ಅನ್ನುವ ಗಡಿ ಸಿಗುತ್ತದೆ. ಮೇಲ್ಮೈ ಅದಕ್ಕಿಂತ ಒರಟಾದರೆ ಕ್ರಿಮಿ ಹೆಚ್ಚು ಕೂರುತ್ತವೆ. ಅದಕ್ಕಿಂತ ನುಣುಪು ಮಾಡಿದರೆ ಹೆಚ್ಚೇನೂ ಲಾಭವಿಲ್ಲ.

ನಮ್ಮನೆ ಚಿರೇಕಲ್ಲಿನ ಪಾಗಾರ ಜುಲೈ ಹೊತ್ತಿಗೆ ಹಸಿರಾಗಿರುತ್ತದೆ. ಜಗಲಿಯ ಗ್ರಾನೈಟೂ ಅದೇ ಮಳೆಗೆ ನೆನೆಯುತ್ತದೆ, ಒಂದು ಸಲ ಒರೆಸಿದರೆ ಸಾಕು. ಚಿರೇಕಲ್ಲನ್ನು ಎಷ್ಟು ಉಜ್ಜಿದರೂ ತೂತಿನೊಳಗಿನ ಪಾಚಿ ಹೋಗುವುದಿಲ್ಲ, ಅಲ್ವಾ? ಕಣ್ಣಲ್ಲೂ ಹಾಗೇ. ಕಣ್ಣೀರಿನ ಪ್ರೋಟೀನ್ ಮೊದಲು ಅಂಟುತ್ತದೆ, ಅದರ ಮೇಲೆ ಕ್ರಿಮಿ. ರೆಪ್ಪೆ ಮಿಟುಕಿಸಿದಾಗ ಮೇಲಿನದಷ್ಟೇ ಒರೆಸಿ ಹೋಗುತ್ತದೆ. ಗೀರಿನೊಳಗಿನವು ಲೋಳೆ ಪದರ ಕಟ್ಟಿಕೊಂಡು ಅದರೊಳಗೆ ಕೂರುತ್ತವೆ. ಡ್ರಾಪ್ಸ್ ಅಲ್ಲಿಗೆ ಸರಿಯಾಗಿ ಇಳಿಯುವುದಿಲ್ಲ.

ನಾನು ಮಾಡಿದ ಘನಕಾರ್ಯ ಕೇಳಿ. ಸ್ವಚ್ಛ ಇರಲಿ ಅಂತ ಟೂತ್‌ಪೇಸ್ಟ್, ಹಳೇ ಬ್ರಶ್ ಹಿಡಿದು ದಿನಾ ಉಜ್ಜಿದೆ. ಗೀಜು ಇನ್ನೂ ಜಾಸ್ತಿಯಾಯಿತು. ಕಣ್ಣು ಮಾಡಿಕೊಟ್ಟವರು ಅದನ್ನು ಒರೆಸಿ ಟ್ಯೂಬ್‌ಲೈಟ್ ಕೆಳಗೆ ಓರೆ ಹಿಡಿದು ತೋರಿಸಿದರು. ಹಳೇ ಸ್ಟೀಲ್ ತಟ್ಟೆಯ ತಳದ ಹಾಗೆ ಗೀರೇ ಗೀರು. ತಿರುಗುವ ಬಟ್ಟೆಯ ಚಕ್ರಕ್ಕೆ ಪ್ಯೂಮಿಸ್ ಅನ್ನುವ ಕಲ್ಲಿನ ನುಣ್ಣನೆ ಪುಡಿ ಹಚ್ಚಿ ತಿಕ್ಕಿದರು, ಆಮೇಲೆ ಹೊಳಪು ಕೊಟ್ಟರು. ವಾರದಲ್ಲಿ ಕೆಳರೆಪ್ಪೆಯ ತುರಿಕೆ ನಿಂತಿತು.

ಅಪ್ಪನಿಗೆ ಪೇಸ್ಟ್, ಸ್ಪಿರಿಟ್, ಕುದಿಯುವ ನೀರು ಯಾವುದೂ ಬೇಡ. ಸ್ಪಿರಿಟ್‌ಗೆ ಅಕ್ರಿಲಿಕ್ ಬಿರುಕು ಬಿಡುತ್ತದೆ. ಕೈ ತೊಳೆದುಕೊಂಡು ಸೌಮ್ಯ ಸೋಪಿನಿಂದ ಬೆರಳಲ್ಲೇ ಉಜ್ಜಿ, ಚೆನ್ನಾಗಿ ತೊಳೆದರೆ ಆಯಿತು. ಸುಮ್ನೆ ದಿನಾ ತೆಗೆಯಲೂ ಬೇಡಿ. ಪಾಲಿಶ್ ವರ್ಷಕ್ಕೊಮ್ಮೆ.

ಎಲ್ಲ ಗೀಜಿಗೂ ಗೀರೇ ಕಾರಣ ಅಂತಲ್ಲ. ಅಳತೆ ಸಡಿಲವಾಗಿರಬಹುದು, ಕಣ್ಣೀರಿನ ನಾಳ ಕಟ್ಟಿರಬಹುದು. ನೋವು, ರಕ್ತ, ಹಸಿರು ಕೀವು ಇದ್ದರೆ ಮೊದಲು ಕಣ್ಣಿನ ಡಾಕ್ಟರ್.

ಹೊರಡುವ ಮುಂಚೆ ಕಣ್ಣು ಮಾಡುವವರು ಆ ದಿನ ಇರುತ್ತಾರಾ ಅಂತ ಫೋನ್ ಮಾಡಿ ಕೇಳಿಕೊಳ್ಳಿ. ನಾನೊಮ್ಮೆ ಕೇಳದೆ ಘಟ್ಟ ಹತ್ತಿ, ಊಟ ಮಾಡಿ ವಾಪಸ್ ಬಂದಿದ್ದೇನೆ.